ಬೆಸುಗೆ ಹಾಕುತ್ತಿದ್ದ ಕೈ ಬೋರ್ಡು ಬರೆಯಿತು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಿರುಗಾವಲಿನಿಂದ ಮಳವಳ್ಳಿಗೆ ಹೋಗುವ ಮೊದಲ ಬಸ್ಸು ಹಾರ್ನ್ ಹೊಡೆದು ಈಗಷ್ಟೇ ದಾಟಿದೆ. ರಸ್ತೆಯಿಂದ ಒಳಗೆ, ಹಿಪ್ಪುನೇರಳೆ ತೋಟದ ನಡುವೆ ನಿಂತಿರುವ ಉದ್ದನೆಯ ಕಟ್ಟಡದ ಬಾಗಿಲಲ್ಲಿ ಆಶಾರಾಣಿ ಚಪ್ಪಲಿ ಬಿಡುತ್ತಾರೆ. ಬ್ಲೀಚಿಂಗ್ ಪುಡಿ ಕದಡಿದ ನೀರಲ್ಲಿ ಕಾಲು ಅದ್ದಿ, ಕೈ ತೊಳೆದು, ತಲೆಗೆ ಬಟ್ಟೆ ಕಟ್ಟಿಕೊಂಡು ಒಳಗೆ ಹೋಗುತ್ತಾರೆ. ಇದು ಚಾಕಿ ಮನೆ. ಮೊಟ್ಟೆಯೊಡೆದು ಬಂದ ರೇಷ್ಮೆ ಹುಳುಗಳನ್ನು ಎರಡನೇ ಜ್ವರ ದಾಟುವ ತನಕ ಇಲ್ಲಿ ಸಾಕಿ, ಆಮೇಲೆ ರೈತರ ಕೈಗೆ ಒಪ್ಪಿಸುತ್ತಾರೆ. ಜ್ವರವೆಂದರೆ ಕಾಯಿಲೆಯಲ್ಲ. ಹುಳು ಮೇವು ಬಿಟ್ಟು, ತಲೆಯೆತ್ತಿ ಅಲುಗಾಡದೆ ಕೂತು, ಹಳೆಯ ಚರ್ಮ ಕಳಚಿಕೊಳ್ಳುವ ಹೊತ್ತಿಗೆ ರೇಷ್ಮೆಯವರು ಇಟ್ಟ ಹೆಸರು ಅದು.

ಒಳಗೆ ಬಂದ ಆಶಾರಾಣಿ ಮೊದಲು ನೋಡುವುದು ಹುಳುವಿನ ತಟ್ಟೆಗಳನ್ನಲ್ಲ, ಗೋಡೆಯನ್ನು. ಅಲ್ಲಿ ಗಾಜಿನಂಥ ಮುಚ್ಚಳದ ಪೆಟ್ಟಿಗೆಯೊಳಗೆ ಅಂಗೈಗಿಂತ ತುಸು ದೊಡ್ಡದಾದ ಹಸಿರು ಬೋರ್ಡೊಂದಿದೆ. ಅದರ ಪುಟ್ಟ ಪರದೆಯ ಮೇಲೆ ಎರಡು ಅಂಕಿಗಳು ಕಾಣುತ್ತವೆ. ಒಂದು ಕೋಣೆಯ ಶಾಖ, ಇನ್ನೊಂದು ಗಾಳಿಯ ತೇವ. ಎರಡನ್ನೂ ಓದಿ, "ಸರಿಯಾಗೇ ಅದೆ" ಎಂದು ತಮಗೆ ತಾವೇ ಹೇಳಿಕೊಂಡು ಸೊಪ್ಪಿನ ಕೋಣೆಗೆ ನಡೆಯುತ್ತಾರೆ. ಅಲ್ಲಿ ಜೊತೆಗಾತಿ ಚಲುವಮ್ಮ ಆಗಲೇ ಎಳೆ ಸೊಪ್ಪನ್ನು ಸಣ್ಣಗೆ ಹೆಚ್ಚುತ್ತಿದ್ದಾರೆ.

"ಇವ್ಳು ಮನೇಲಿ ಮಕ್ಳು ಎದ್ದವೋ ಇಲ್ವೋ ನೋಡ್ದೆ ಇದ್ರೂ ಇದ್ದಾಳು, ಬೋರ್ಡು ಎದ್ದದೋ ಇಲ್ವೋ ಅಂತ ಮಾತ್ರ ನೋಡ್ದೆ ಇರಾಕಿಲ್ಲ" ಎಂದು ಚಲುವಮ್ಮ ನಗುತ್ತಾರೆ.

"ಎತ್ತವ್ಳು ನಾನಲ್ವಾ ಚಲುವಕ್ಕ, ನೋಡ್ಬೇಕಲ್ಲ" ಎನ್ನುತ್ತಾರೆ ಆಶಾರಾಣಿ, ಸೊಪ್ಪಿಗೆ ಕೈ ಹಾಕುತ್ತಾ.

ಹೆತ್ತವರು ಎಂಬ ಮಾತು ತಮಾಷೆಗೆ ಬಂದರೂ ನಿಜವೇ. ಆ ಬೋರ್ಡಿನ ಒಂದೊಂದು ತಾಮ್ರದ ಗೆರೆಯನ್ನೂ ಎಳೆದವರು ಈ ದಿನಗೂಲಿ ಹೆಂಗಸು. ಎಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ, ಪಿಯುಸಿಗೆ ಓದು ನಿಲ್ಲಿಸಿದವರು. ಸೊಪ್ಪು ಹಾಕಿ ಬಂದು ಮುಂದಿನ ಸೊಪ್ಪಿನ ಹೊತ್ತಾಗುವವರೆಗೆ ಸಿಗುವ ಬಿಡುವಿನಲ್ಲಿ, ಮನೆಯ ಜಗುಲಿಯ ಮೇಲೆ ಕೂತು, ಬರೀ ಆಸೆಯಿಂದ ಕಲಿತದ್ದು. ಇಂದು ಮಳವಳ್ಳಿ, ಮದ್ದೂರು ತಾಲ್ಲೂಕುಗಳ ಹಲವು ಚಾಕಿ ಮನೆಗಳ ಗೋಡೆಯ ಮೇಲೆ ಅವರ ಬೋರ್ಡು ಕೆಲಸ ಮಾಡುತ್ತಿದೆ. ಅಲ್ಲಿಂದ ಹುಳು ಒಯ್ಯುವ ರೈತರಲ್ಲಿ ಬಹುತೇಕರಿಗೆ ಅವರ ಹೆಸರು ಗೊತ್ತಿಲ್ಲ.

ಆಶಾರಾಣಿಯ ತವರು ಕೊತ್ತತ್ತಿ. ಅಪ್ಪ ನಾಲೆಯ ಸೌಡಿಯಾಗಿದ್ದವರು, ತೂಬೆತ್ತಿ ಗದ್ದೆಗಳಿಗೆ ನೀರು ಹಂಚುವ ಕೆಲಸ. ಪಿಯುಸಿ ಮುಗಿದ ಮೇಲೆ ಆಶಾರಾಣಿ ಮದ್ದೂರಿನ ಹತ್ತಿರದ ಒಂದು ಎಲೆಕ್ಟ್ರಾನಿಕ್ಸ್ ಕಾರ್ಖಾನೆಗೆ ಸೇರಿದರು. ಬೆಳಿಗ್ಗೆ ಕಂಪನಿ ಬಸ್ಸು ಹತ್ತಿ ಹೋದರೆ ಸಂಜೆಯವರೆಗೂ ಒಂದೇ ಕೆಲಸ. ಮುಂದೆ ಬಂದ ಬೋರ್ಡಿಗೆ ಸಣ್ಣ ಸಣ್ಣ ಭಾಗಗಳನ್ನು ಕೂರಿಸಿ ಬೆಸುಗೆ ಹಾಕಿ ಪಕ್ಕದವಳಿಗೆ ಸರಿಸುವುದು. ಮದುವೆಯಾಗಿ ಕಿರುಗಾವಲಿನ ಕಡೆಗೆ ಬಂದ ಮೇಲೂ ಕೆಲಸ ಬಿಡಲಿಲ್ಲ. ಕೈ ಎಷ್ಟು ಪಳಗಿತ್ತೆಂದರೆ, ಹೊಸ ಹುಡುಗಿಯರು ಬಂದರೆ ಮೊದಲು ಇವರ ಪಕ್ಕದಲ್ಲೇ ಕೂರಿಸುತ್ತಿದ್ದರು.

"ಕೈಗೆ ಎಲ್ಲಾ ಗೊತ್ತಿತ್ತು. ತಲೆಗೆ ಏನೂ ಗೊತ್ತಿರ್ನಿಲ್ಲ" ಎಂದು ಆ ದಿನಗಳನ್ನು ನೆನೆಯುತ್ತಾರೆ. "ಒಂದಿನ ಸೂಪರ್‌ವೈಸರ್ ಮೇಡಮ್ಮನ್ನ ಕೇಳ್ದೆ, ಮೇಡಂ, ಈ ಬೋರ್ಡು ಏನ್ ಕೆಲ್ಸ ಮಾಡ್ತದೆ ಅಂತ. ಅವ್ರಿಗೂ ಗೊತ್ತಿರ್ನಿಲ್ಲ. ಇಬ್ರೂ ನಕ್ಕುಬುಟ್ವಿ. ಆದ್ರೆ ಮನೇಗ್ ಬಂದ್ಮೇಲೆ ನಂಗೆ ನಗು ಬರ್ನಿಲ್ಲ. ಅಷ್ಟೊಂದು ಬೋರ್ಡಿಗೆ ಕೈ ಇಟ್ಟಿವ್ನಿ, ಒಂದಾದ್ರೂ ಯಾತಕ್ಕೆ ಅಂತ ತಿಳೀಲಿಲ್ವಲ್ಲ ಅಂತ ಎದೇಲಿ ಕೊರೀತಾನೇ ಇತ್ತು."

ಕಾರ್ಖಾನೆಯನ್ನು ಬೇರೆ ರಾಜ್ಯಕ್ಕೆ ಎತ್ತಿಕೊಂಡು ಹೋದರು. ಬೀಳ್ಕೊಡುಗೆಗೆ ಬಂದದ್ದು ಒಂದು ಗೋಡೆ ಗಡಿಯಾರ. ಕೆಲವು ದಿನ ಮನೆಯಲ್ಲಿದ್ದು, ಆಮೇಲೆ ಪುಟ್ಟಸ್ವಾಮಿಯವರ ಚಾಕಿ ಮನೆಗೆ ಕೂಲಿಗೆ ಬಂದರು. ಪುಟ್ಟಸ್ವಾಮಿ ರೇಷ್ಮೆಯಲ್ಲೇ ತಲೆಗೂದಲು ನರೆಸಿಕೊಂಡ ಮನುಷ್ಯ. ಮಾತು ಒರಟು, ಹುಳುವಿನ ವಿಷಯದಲ್ಲಿ ಮಾತ್ರ ತಾಯಿಯ ಕರುಳು. ಸೊಪ್ಪು ಹೆಚ್ಚುವ ಹದ, ಹುಳು ಜ್ವರಕ್ಕೆ ಕೂರುವ ಗುರುತು, ಸುಣ್ಣದ ಪುಡಿ ಉದುರಿಸುವ ರೀತಿ, ಎಲ್ಲವನ್ನೂ ಆಶಾರಾಣಿ ಅವರ ಬೈಗುಳದ ನಡುವೆಯೇ ಕಲಿತರು.

ಮರಿ ಹುಳು ಬಲು ಸೂಕ್ಷ್ಮ. ತಿನ್ನುವಾಗ ಕೋಣೆ ಬೆಚ್ಚಗಿರಬೇಕು, ಗಾಳಿಯಲ್ಲಿ ತೇವ ತುಂಬಿರಬೇಕು. ಜ್ವರಕ್ಕೆ ಕೂತಾಗ ತೇವ ಇಳಿಯಬೇಕು, ಹಾಸು ಒಣಗಿರಲೆಂದು ಸುಣ್ಣದ ಪುಡಿ ಉದುರಿಸಬೇಕು. ಇದನ್ನು ನೋಡಿಕೊಳ್ಳಲು ಪುಟ್ಟಸ್ವಾಮಿ ಒಂದು ಯಂತ್ರದ ಪೆಟ್ಟಿಗೆ ತರಿಸಿದ್ದರು. ಶಾಖ ಕಡಿಮೆಯಾದರೆ ಹೀಟರು, ಗಾಳಿ ಒಣಗಿದರೆ ಮಂಜಿನಂತೆ ನೀರು ಸಿಂಪಡಿಸುವ ಯಂತ್ರ ತಾವಾಗಿಯೇ ಚಾಲೂ ಆಗುತ್ತಿದ್ದವು. ಒಂದು ಬೇಸಿಗೆಯಲ್ಲಿ ಆ ಪೆಟ್ಟಿಗೆಯ ಸೆನ್ಸರ್‌ನೊಳಗೆ ಸುಣ್ಣದ ಪುಡಿ ಸೇರಿ ಗಟ್ಟಿಯಾಯಿತು. ಗಾಳಿ ತೊಯ್ದು ತೊಪ್ಪೆಯಾಗಿದ್ದರೂ ಅದಕ್ಕೆ ಒಣಗಿದಂತೆಯೇ ಕಂಡಿತು. ಹುಳು ಜ್ವರದಲ್ಲಿದ್ದಷ್ಟು ಹೊತ್ತೂ ಮಂಜಿನ ಯಂತ್ರ ಓಡುತ್ತಲೇ ಇತ್ತು. ಪರದೆಯ ಅಂಕಿ ನಂಬಿದ್ದ ಯಾರಿಗೂ ಅನುಮಾನ ಬರಲಿಲ್ಲ.

ಜ್ವರದಿಂದ ಎದ್ದ ಹುಳು ಸೊಪ್ಪು ಮುಟ್ಟಲಿಲ್ಲ. ಕೆಲವು ಏಳಲೇ ಇಲ್ಲ. ತಟ್ಟೆ ತಟ್ಟೆಯೇ ಕಪ್ಪಾಯಿತು. ಹುಳು ಒಯ್ಯಲು ಗಾಡಿ ತಂದಿದ್ದ ರೈತರು ಬರಿಗೈಯಲ್ಲಿ ಹಿಂದಿರುಗಿದರು. ಅವರೆಲ್ಲ ಮನೆ ತೊಳೆದು, ಸೊಪ್ಪು ಬೆಳೆಸಿ ಕಾದಿದ್ದವರು. ಆಮೇಲೆ ಒಬ್ಬೊಬ್ಬರೇ ಬೇರೆ ಚಾಕಿ ಮನೆ ಹುಡುಕಿಕೊಳ್ಳತೊಡಗಿದರು. ಪುಟ್ಟಸ್ವಾಮಿ ಕೆಲಸದ ಹೆಂಗಸರನ್ನೆಲ್ಲ ಕೂರಿಸಿಕೊಂಡು, "ಇನ್ನೊಂದ್ ಬೆಳೆ ಇಂಗೇ ಆದ್ರೆ ಬೀಗ ಹಾಕ್ಬುಡ್ತೀನಿ ಕಣ್ರವ್ವಾ. ನೀವೂ ಬೇರೆ ಕೆಲ್ಸ ನೋಡ್ಕಳಿ" ಎಂದುಬಿಟ್ಟರು.

ಆಗ ಮಾತಾಡಿದವರು ಆಶಾರಾಣಿ. "ಅಣ್ಣಾ, ಆ ಪೆಟ್ಟಿಗೆ ಬಿಚ್ಚಿ ನೋಡ್ಲಾ?"

"ಬಿಚ್ಚವ್ವ. ಇನ್ನೇನ್ ಕೆಡಕ್ಕೆ ಉಳಿದದೆ ಅದ್ರಲ್ಲಿ?"

ಮುಚ್ಚಳ ತೆಗೆದಾಗ ಒಳಗಿದ್ದದ್ದು ತೀರ ಪರಿಚಿತ ಮುಖ. ಕಾರ್ಖಾನೆಯಲ್ಲಿ ಕೈಯಾಡಿಸಿದಂಥದೇ ಬೋರ್ಡು. ಬೆಸುಗೆ ನೋಡಿ, "ಇಲ್ಲಿ ಯಾರ್ದೋ ಕೈ ನಡುಗ್ಯದೆ" ಎಂದು ಹೇಳುವಷ್ಟು ಪರಿಚಿತ. ಆದರೆ ಬೋರ್ಡಿಗೆ ಮಿದುಳಿನಂತಿರುವ ಕಪ್ಪು ಚಿಪ್ಪಿನ ಮೇಲಿನ ಹೆಸರನ್ನು ತಯಾರಿಸಿದವರೇ ಉಜ್ಜಿ ಅಳಿಸಿದ್ದರು, ಬೇರೆಯವರು ನಕಲು ಮಾಡಬಾರದೆಂದು. ಸೆನ್ಸರ್ ಬೋರ್ಡಿಗೇ ಅಂಟಿಕೊಂಡಿತ್ತು, ತೊಳೆಯುವಂತೆಯೂ ಇಲ್ಲ, ಬದಲಿಸುವಂತೆಯೂ ಇಲ್ಲ. ಅದನ್ನು ಕೈಯಲ್ಲಿ ಹಿಡಿದು ಎಷ್ಟೋ ಹೊತ್ತು ನೋಡಿದ ಆಶಾರಾಣಿಗೆ ಹೊಳೆದದ್ದು ಒಂದೇ. "ಇದ್ನ ಮಾಡ್ದೋರು ಚಾಕಿ ಮನೆ ಒಳಗೆ ಒಂದಿನಾನೂ ನಿಂತೋರಲ್ಲ. ನಿಂತಿದ್ರೆ ಸುಣ್ಣದ ಪುಡಿ ಗಾಳೀಲಿ ಆರಾಡ್ತದೆ ಅಂತ ಗೊತ್ತಾಯ್ತಿತ್ತು. ನಾನು ದಿನಾ ನಿಂತಿರ್ತೀನಲ್ಲ, ನಾನ್ಯಾಕೆ ಮಾಡ್ಬಾರ್ದು?"

ಮೊದಲು ತೂತುಗಳಿರುವ ಖಾಲಿ ಹಲಗೆಯೊಂದರ ಮೇಲೆ ಬಿಡಿ ವೈರುಗಳಿಂದ ಒಂದನ್ನು ಜೋಡಿಸಿದರು. ಫೋನಿನಲ್ಲಿ ವಿಡಿಯೋ ನೋಡಿ ಮಾಡಿದ್ದು. ಅದು ನಡೆಯಿತು, ಆದರೆ ಚಾಕಿ ಮನೆಯ ತೇವಕ್ಕೆ ವೈರಿನ ತುದಿಗಳು ಹಸಿರುಗಟ್ಟಿ ಒಂದೊಂದೇ ಕಳಚಿದವು. ಬೋರ್ಡನ್ನೇ ಸರಿಯಾಗಿ ಬರೆದು ಅಚ್ಚು ಹಾಕಿಸಬೇಕು ಎಂದು ಅರ್ಥವಾಯಿತು. ಬರೆಯುವುದು ಹೇಗೆಂದು ಹೇಳುವವರು ಬೇಕಿತ್ತು.

ಆಶಾರಾಣಿಯ ಗಂಡ ನಾಗೇಶ್ ಮಳವಳ್ಳಿಯಲ್ಲಿ ಬಸ್ಸುಗಳ ಮೆಕ್ಯಾನಿಕ್. ಹೆಂಡತಿಯ ಹಾಗೆ ಅವರಿಗೂ ಬಿಚ್ಚಿ ನೋಡುವ ಚಾಳಿ. ಮಂಡ್ಯದಲ್ಲಿ ಪಾಲಿಟೆಕ್ನಿಕ್ ಮೇಷ್ಟ್ರೊಬ್ಬರು ಭಾನುವಾರ ಆಸಕ್ತರನ್ನು ಸೇರಿಸಿ ಇಂಥದ್ದನ್ನೆಲ್ಲ ಹೇಳಿಕೊಡುತ್ತಾರೆಂದು ಯಾರಿಂದಲೋ ತಿಳಿದು ಬಂದವರು ಅವರೇ. ಒಂದು ಹಳೆಯ ಲ್ಯಾಪ್‌ಟಾಪನ್ನೂ ಹೊಂದಿಸಿ ತಂದರು. ಮುಂದಿನ ಭಾನುವಾರವೇ ಆಶಾರಾಣಿ ಮಂಡ್ಯದ ಬಸ್ಸು ಹತ್ತಿದರು.

ಕೋಣೆಯ ತುಂಬ ಕಾಲೇಜು ಹುಡುಗ ಹುಡುಗಿಯರು. ಮೇಷ್ಟ್ರು ಶಶಿಧರ್ ಒಬ್ಬೊಬ್ಬರನ್ನೂ ಯಾವ ಕಾಲೇಜೆಂದು ಕೇಳುತ್ತಾ ಬಂದರು. ಇವರ ಸರದಿ ಬಂದಾಗ ಬಾಯಿಗೆ ಬಂದದ್ದು, "ಚಾಕಿ ಮನೆ ಸಾರ್."

ಯಾರೂ ನಗಲಿಲ್ಲ. ಶಶಿಧರ್ ಕುರ್ಚಿ ಎಳೆದುಕೊಂಡು ಎದುರಿಗೇ ಕೂತರು. "ನಮ್ಮಜ್ಜಿ ಮನೇಲೂ ಹುಳ ಸಾಕ್ತಿದ್ರು. ಹೇಳಿ, ನಿಮ್ಮ ಬೋರ್ಡು ಏನೇನು ಮಾಡ್ಬೇಕು?" ಎಂದು ಕೇಳಿದರು. ಆಶಾರಾಣಿ ಹೇಳುತ್ತಾ ಹೋದರು. ಹುಳು ತಿನ್ನುವ ಹೊತ್ತು, ಜ್ವರದ ಹೊತ್ತು, ಸುಣ್ಣ, ತೇವ, ಬಂದು ಹೋಗುವ ಕರೆಂಟು. ಮಾತು ಮುಗಿದಾಗ ಶಶಿಧರ್ ಹೇಳಿದ್ದು ಇಷ್ಟು: "ನಿಮಗೆ ಏನು ಬೇಕು ಅನ್ನೋದು ಇಷ್ಟು ಸ್ಪಷ್ಟವಾಗಿ ಗೊತ್ತಿದೆಯಲ್ಲ, ಅರ್ಧ ಕೆಲಸ ಆದ ಹಾಗೆ. ಉಳಿದರ್ಧ ಕಷ್ಟ ಇದೆ. ಕಲಿಯೋಣ."

ಕಷ್ಟವೇ ಇತ್ತು. ಮೊದಲು ಯಾವ ಭಾಗಕ್ಕೆ ಯಾವುದು ಸೇರಬೇಕೆಂಬ ನಕ್ಷೆ ಬರೆಯಬೇಕು. ಆಮೇಲೆ ಒಂದೊಂದು ಭಾಗದ ಕಾಲುಗಳ ಅಳತೆಗೆ ಸರಿಯಾಗಿ ಬೋರ್ಡಿನ ಮೇಲೆ ಜಾಗ ಕೊಡಬೇಕು. ಕೊನೆಗೆ ಒಂದಕ್ಕೊಂದು ತಾಗದಂತೆ ತಾಮ್ರದ ಗೆರೆಗಳನ್ನು ಎಳೆಯಬೇಕು. ಮೇಲಿನ ಪದರದಲ್ಲಿ ದಾರಿ ಸಿಗದಿದ್ದರೆ ಸಣ್ಣ ತೂತಿನಿಂದ ಕೆಳಗಿನ ಪದರಕ್ಕೆ ಇಳಿದು ಹೋಗಬೇಕು. ಉಚಿತವಾಗಿ ಸಿಗುವ ಸಾಫ್ಟ್‌ವೇರ್, ಅದರ ಪದಗಳೆಲ್ಲ ಇಂಗ್ಲಿಷಿನವು. ಬೋರ್ಡಿನ ಮೇಲೆ ಬಿಳಿ ಅಕ್ಷರ ಅಚ್ಚಾಗುವ ಪದರದ ಹೆಸರು 'ಸಿಲ್ಕ್‌ಸ್ಕ್ರೀನ್' ಎಂದು ತಿಳಿದ ದಿನ ಆಶಾರಾಣಿ ಬಿದ್ದು ಬಿದ್ದು ನಕ್ಕರಂತೆ. "ಇಲ್ಲೂ ರೇಸ್ಮೆ ಬುಡ್ಲಿಲ್ವಲ್ಲ ಸಾರ್ ನನ್ನ!"

ಮೊದಲ ಬೋರ್ಡುಗಳನ್ನು ಮನೆಯಲ್ಲೇ ಮಾಡಿದರು. ಕಿರುಗಾವಲಿನ ಜೆರಾಕ್ಸ್ ಅಂಗಡಿಯಲ್ಲಿ ನಕ್ಷೆಯನ್ನು ನಯವಾದ ಕಾಗದದ ಮೇಲೆ ತೆಗೆಸಿ, ತಾಮ್ರದ ಹಲಗೆಯ ಮೇಲಿಟ್ಟು ಇಸ್ತ್ರಿ ಪೆಟ್ಟಿಗೆ ಒತ್ತಬೇಕು. ಮಸಿ ತಾಮ್ರಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ಕಂದು ಬಣ್ಣದ ರಾಸಾಯನಿಕದಲ್ಲಿ ಅದ್ದಿದರೆ ಮಸಿಯಿಲ್ಲದ ಕಡೆಯ ತಾಮ್ರವೆಲ್ಲ ಕರಗಿ ಗೆರೆ ಮಾತ್ರ ಉಳಿಯುತ್ತದೆ. ಹಿತ್ತಲ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಈ ಕೆಲಸ ನಡೆಯಿತು. ಆ ಕಂದು ನೀರು ಅತ್ತೆ ಬೀರಮ್ಮನವರ ಹೊಸ ಸೀರೆಯ ಸೆರಗಿಗೆ ಸಿಡಿಯಿತು.

"ಆಸಾ, ಇದೇನಮ್ಮಿ ನಿನ್ ಗೆಯ್ಮೆ? ಕಲ್ಲೂ ಆಳು, ಸೀರೇನೂ ಆಳು! ಉಟ್ಕಂಡು ಒಂದಪ ಸಂತೇಗೂ ಓಗಿರ್ನಿಲ್ಲ" ಎಂದು ಬೀರಮ್ಮ ಬೀದಿಗೆಲ್ಲ ಕೇಳುವಂತೆ ಕೂಗಾಡಿದರು. ಇಷ್ಟೆಲ್ಲ ಆಗಿ ಕೈಗೆ ಬಂದ ಬೋರ್ಡು ಕನ್ನಡಿಯೊಳಗಿನ ಪ್ರತಿಬಿಂಬದಂತೆ ಎಡಬಲ ತಿರುಗಿತ್ತು. ಚಿಪ್ಪು ಕೂರಲೇ ಇಲ್ಲ. ಇನ್ನೊಂದು ಮಾಡಿದರು. ಅದು ಕೂತಿತು, ಪರದೆ ಬೆಳಗಿತು, ಹೀಟರಿಗೆ ಕರೆಂಟು ಬಿಟ್ಟ ಸ್ವಲ್ಪ ಹೊತ್ತಿಗೆ ಒಂದು ತಾಮ್ರದ ಗೆರೆ ಕೆಂಪಾಗಿ ಸುಟ್ಟುಹೋಯಿತು.

ಈ ಸಲ ತಪ್ಪು ಎಲ್ಲಿದೆಯೆಂದು ಯಾರನ್ನೂ ಕೇಳಬೇಕಾಗಲಿಲ್ಲ. "ನಮ್ಮಪ್ಪ ಸೌಡಿ ಅಲ್ವಾ. ದೊಡ್ಡ ನಾಲೆ ನೀರ್ನ ಕಿರು ಕಾಲ್ವೇಗೆ ಬುಟ್ರೆ ಏರಿ ಒಡೀತದೆ ಅಂತ ನಂಗೆ ಬುದ್ದಿ ಬಂದಾಗ್ಲಿಂದ ಗೊತ್ತು. ಸೆನ್ಸರಿಗೆ ಸಣ್ಣ ಗೆರೆ ಸಾಕು, ಹೀಟರಿಗೆ ಅಗಲ ಬೇಕು. ಗೊತ್ತಿದ್ದೂ ಒಂದೇ ಅಳ್ತೇಲಿ ಎಳ್ದುಬುಟ್ಟಿದ್ದೆ" ಎನ್ನುತ್ತಾರೆ.

ಹೀಟರಿನ ಗೆರೆ ಅಗಲವಾಯಿತು. ಸೆನ್ಸರನ್ನು ಬೇರೆಯೇ ಒಂದು ಪುಟ್ಟ ಬೋರ್ಡಿಗೆ ಹಾಕಿ, ಬಿಚ್ಚಿ ತೆಗೆಯುವಂತೆ ಮಾಡಿದರು. ಒಂದಲ್ಲ, ಎರಡು ಸೆನ್ಸರ್. ಎರಡರ ಮಾತೂ ಹೊಂದದಿದ್ದರೆ ಗಂಟೆ ಬಡಿಯುತ್ತದೆ. ಚಿಪ್ಪಿಗೆ ಬೇಕಾದ ಪ್ರೋಗ್ರಾಮನ್ನು ಶಶಿಧರ್ ಅವರ ವಿದ್ಯಾರ್ಥಿನಿ ಶೋಭಿತಾ ಬರೆದುಕೊಟ್ಟಳು. ಆ ಹುಡುಗಿ ಅದಕ್ಕಾಗಿ ಒಂದು ದಿನವಿಡೀ ಚಾಕಿ ಮನೆಗೆ ಬಂದು ನಿಂತು, ಹುಳು ಜ್ವರಕ್ಕೆ ಕೂರುವುದನ್ನು ಕಣ್ಣಾರೆ ನೋಡಿ ಹೋದಳು. ಬೋರ್ಡಿನ ಮೇಲೆ ಎರಡೇ ಗುಂಡಿ. ಒಂದರ ಪಕ್ಕ 'ಮೇವು', ಇನ್ನೊಂದರ ಪಕ್ಕ 'ಜ್ವರ' ಎಂದು ಬಿಳಿ ಕನ್ನಡ ಅಕ್ಷರ.

ಇನ್ನೇನು ಅಚ್ಚಿಗೆ ಕಳಿಸಬೇಕು ಎಂದು ಆಶಾರಾಣಿ ಹಿಗ್ಗಿನಿಂದ ಲ್ಯಾಪ್‌ಟಾಪ್ ತೆರೆದು ತೋರಿಸಿದಾಗ ಶಶಿಧರ್ ತಡೆದರು. ಮನೆ ಕರೆಂಟು ಹರಿಯುವ ಗೆರೆಗಳೂ ಕೈ ಮುಟ್ಟುವ ಗುಂಡಿಯ ಗೆರೆಗಳೂ ಒಂದರ ಪಕ್ಕ ಒಂದು ಓಡುತ್ತಿದ್ದವು. "ನಿಮ್ಮ ಕೋಣೇಲಿ ಮಂಜು ಸುರೀತಿರುತ್ತೆ ಆಶಾರಾಣಿ. ಹೀಗೇ ಹಾಕಿದ್ರೆ ಹುಳ ಉಳಿಯುತ್ತೆ, ನೀವು ಉಳಿಯಲ್ಲ. ನಾನು ಇದನ್ನ ಕಳಿಸೋಕೆ ಬಿಡಲ್ಲ" ಎಂದರು. ಆಶಾರಾಣಿಯ ಮುಖ ಸಣ್ಣದಾಯಿತು. ಆದರೆ ಮೇಷ್ಟ್ರು ಹೇಳಿದ್ದು ಹದಿನಾರಾಣೆ ನಿಜ. ಇಡೀ ಬೋರ್ಡನ್ನು ಮತ್ತೆ ಬರೆದರು. ಮನೆ ಕರೆಂಟಿನ ಭಾಗವನ್ನೆಲ್ಲ ಒಂದು ಬದಿಗೆ ಸರಿಸಿ, ನಡುವೆ ಬೋರ್ಡನ್ನೇ ಸೀಳಿ ಒಂದು ಕಂಡಿ ಬಿಟ್ಟರು. ಕರೆಂಟು ಏರಿಳಿದರೆ ತಾನು ಮೊದಲು ಹೋಗಿ ಉಳಿದದ್ದನ್ನು ಕಾಯುವಂಥ ಫ್ಯೂಸನ್ನೂ, ಅದರ ಪಕ್ಕ ನೀಲಿ ಬಣ್ಣದ ಒಂದು ರಕ್ಷಣೆಯ ಬಿಲ್ಲೆಯನ್ನೂ ಸೇರಿಸಿದರು.

ಅಚ್ಚಾದ ಬೋರ್ಡುಗಳು ಕೊರಿಯರ್‌ನಲ್ಲಿ ಬಂದಾಗ ಮನೆಯಲ್ಲಿ ಹಬ್ಬ. ಹಸಿರು ಮೈ, ಹೊಳೆಯುವ ತವರ, ಬಿಳಿ ಅಕ್ಷರ. ಕಾರ್ಖಾನೆಯಲ್ಲಿ ಮುಟ್ಟಿದ್ದ ಯಾವ ಬೋರ್ಡಿಗೂ ಕಡಿಮೆಯಿರಲಿಲ್ಲ. ಬೆಸುಗೆಗೆ ಕೂತರು. ಹೊರಗಿನ ವೈರು ಸಿಕ್ಕಿಸುವ ಭಾಗದ ಕಾಲುಗಳು ಬೋರ್ಡಿನ ತೂತಿಗಿಂತ ದಪ್ಪ. ಒಂದೂ ಇಳಿಯಲಿಲ್ಲ. ಅಳತೆ ಹಾಕುವಾಗ ಬೇರೆ ಭಾಗದ ಅಳತೆ ಹಿಡಿದಿದ್ದರು. ಬಂದಿದ್ದ ಬೋರ್ಡುಗಳೆಲ್ಲ ಒಟ್ಟಿಗೇ ದಂಡವಾದವು.

ಆ ದಿನ ಲ್ಯಾಪ್‌ಟಾಪ್ ಮುಚ್ಚಿ ಅಟ್ಟಕ್ಕೆ ಹಾಕಿದರು. ಭಾನುವಾರ ಮಂಡ್ಯಕ್ಕೂ ಹೋಗಲಿಲ್ಲ. ನಾಗೇಶ್ ಸಮಾಧಾನ ಹೇಳಲು ಹೋದರೆ, "ಬುಡಿ, ನಂಗಲ್ಲ ಇದು" ಎಂದರು. ಸುಮ್ಮನಿರಲಾರದೆ ಹೋದವರು ಬೀರಮ್ಮ. ಸೀರೆ ಹೋದ ಸಿಟ್ಟು ಇನ್ನೂ ಆರಿರದ ಅತ್ತೆ, ಸೊಸೆ ಮುದ್ದೆ ತಿರುವುತ್ತಿದ್ದಾಗ ಒಲೆಯ ಪಕ್ಕ ಬಂದು ಕೂತರು.

"ಈ ಮನೇಗ್ ಬಂದ ಒಸದ್ರಲ್ಲಿ ನಿನ್ ಮುದ್ದೆ ಎಂಗಿತ್ತು, ಗ್ಯಾಪ್ಕ ಅದಾ? ಬರೀ ಗಂಟು. ನಿಮ್ ಮಾವ ನೀರ್ ಕುಡ್ಕಂಡು ಕುಡ್ಕಂಡು ನುಂಗ್ತಿದ್ರು. ಈವಾಗ ಈ ಬೀದೀಲಿ ನಿನ್ ಮುದ್ದೆ ಮುಂದೆ ಯಾರ್ದದೆ ಏಳು? ಅದೂ ಅಂಗೇ ಕಣಮ್ಮಿ. ಸೀರೆ ಆಳ್ಮಾಡ್ದೋಳು ಸುಮ್ಕೆ ಬುಟ್ಟೀಯಾ? ತಗಿ ಅದ್ನ, ಇನ್ನೊಂದಪ ಮಾಡು."

ಮಾರನೇ ದಿನ ಲ್ಯಾಪ್‌ಟಾಪ್ ಅಟ್ಟದಿಂದ ಇಳಿಯಿತು. ಈ ಸಲ ಆಶಾರಾಣಿ ಒಂದೊಂದು ಭಾಗವನ್ನೂ ಕೈಯಲ್ಲಿ ಹಿಡಿದು ಅಳೆದರು. ಬೋರ್ಡಿನ ಚಿತ್ರವನ್ನು ಅದೇ ಗಾತ್ರಕ್ಕೆ ಕಾಗದದ ಮೇಲೆ ತೆಗೆಸಿ, ಎಲ್ಲ ಕಾಲುಗಳನ್ನೂ ಕಾಗದಕ್ಕೆ ಚುಚ್ಚಿ ನೋಡಿದ ಮೇಲೆಯೇ ಅಚ್ಚಿಗೆ ಕಳಿಸಿದರು. ಬಂದ ಬೋರ್ಡಿನಲ್ಲಿ ಪ್ರತಿಯೊಂದು ಕಾಲೂ ತನ್ನ ತೂತಿಗೆ ತಾನೇ ಇಳಿಯಿತು. ಪುಟ್ಟಸ್ವಾಮಿ ಬಹಳ ಹೊತ್ತು ಯೋಚಿಸಿ, ಎರಡು ಕೋಣೆಗಳಲ್ಲಿ ಒಂದನ್ನು ಆ ಬೋರ್ಡಿಗೆ ಬಿಟ್ಟುಕೊಟ್ಟರು. ಇನ್ನೊಂದು ಕೋಣೆಯನ್ನು ಹೆಂಗಸರು ಸರದಿಯ ಮೇಲೆ ಕಣ್ಣಿಟ್ಟು ಕಾಯುವುದೆಂದಾಯಿತು. "ಇದು ನನ್ ಕೊನೇ ಆಟ ಕಣವ್ವ. ನೆಪ್ಪಿರ್ಲಿ" ಎಂದರು.

ಏಪ್ರಿಲ್ ತಿಂಗಳು. ತೋಟದಲ್ಲಿ ನಿಂತರೆ ನೆಲ ಸುಡುತ್ತಿತ್ತು. ಮೊದಲ ಜ್ವರ ಸಲೀಸಾಗಿ ದಾಟಿತು. ಎರಡನೇ ಜ್ವರಕ್ಕೆ ಹುಳು ಕೂತ ದಿನ ಮಧ್ಯಾಹ್ನ ಆಶಾರಾಣಿ 'ಜ್ವರ'ದ ಗುಂಡಿ ಒತ್ತಿ, ಸುಣ್ಣದ ಪುಡಿ ಉದುರಿಸಿ ಹೊರಗೆ ಬಂದಿದ್ದರು. ಬಿರುಗಾಳಿ ಎದ್ದಿತು. ಎಲ್ಲೋ ಒಂದು ಕೊಂಬೆ ತಂತಿಯ ಮೇಲೆ ಬಿದ್ದಿತು. ಸೊಪ್ಪಿನ ಕೋಣೆಯ ಬಲ್ಬು ಕಣ್ಣು ಕೋರೈಸುವಂತೆ ಉರಿದು ಟಪ್ಪೆಂದಿತು, ಫ್ಯಾನಿನಿಂದ ಹೊಗೆ ಬಂತು, ಆಮೇಲೆ ಕತ್ತಲೆ. ಸ್ವಲ್ಪ ಹೊತ್ತಿಗೆ ಕರೆಂಟು ಮರಳಿತು. ಹುಳುವಿನ ಕೋಣೆಯಿಂದ ಓಡಿ ಬಂದ ಚಲುವಮ್ಮ ಕೂಗಿಕೊಂಡರು: "ಆಸಾ, ನಿನ್ ಬೋರ್ಡು ಸತ್ತೋಯ್ತು ಕಣೇ!"

ಪರದೆ ಕಪ್ಪಾಗಿತ್ತು. ಜ್ವರದ ಹೊತ್ತಿನಲ್ಲಿ ಬೋರ್ಡು ಓಡಿಸುವ, ಒಳಗಾಳಿಯನ್ನು ಹೊರಗೆ ಹಾಕುವ ಗಾಳಿಯಂತ್ರ ನಿಂತಿತ್ತು. ತೇವ ಹೊರಗೆ ಹೋಗದೆ ಕೋಣೆ ಬೇಯತೊಡಗಿತ್ತು. ಪುಟ್ಟಸ್ವಾಮಿ ಬಾಗಿಲಲ್ಲೇ ಕೂತರು. "ಮುಗೀತಲ್ಲವ್ವ. ನಾಳಿದ್ದು ರೈತ್ರು ಬತ್ತಾರೆ. ಏನಂತ ಮೊಕ ತೋರ್ಸ್ಲಿ?"

ಆಶಾರಾಣಿ ಜೊತೆಯವರಿಗೆ ಕಿಟಕಿಗಳನ್ನೆಲ್ಲ ತೆರೆಯಲು ಹೇಳಿ, ಆ ಕೋಣೆಯ ಮೈನ್ ಸ್ವಿಚ್ಚು ತೆಗೆದು, ಪೆಟ್ಟಿಗೆ ಬಿಚ್ಚಿದರು. ಒಳಗೆ ಫ್ಯೂಸಿನ ಗಾಜು ಕರ್ರಗಾಗಿತ್ತು, ನೀಲಿ ಬಿಲ್ಲೆ ಸೀಳಿತ್ತು. ಆ ಕಂಡಿಯಾಚೆ, ಚಿಪ್ಪಿನ ಕಡೆ, ಒಂದು ಕಲೆಯೂ ಇಲ್ಲ. ಅದನ್ನು ಕಂಡಾಗ ಅವರ ಮುಖದಲ್ಲಿ ಬಂದ ಕಳೆಯನ್ನು ಚಲುವಮ್ಮ ಈಗಲೂ ನಟಿಸಿ ತೋರಿಸುತ್ತಾರೆ.

"ಸತ್ತಿಲ್ಲ ಅಣ್ಣಾ! ಇವೆರ್ಡೂ ಮುಂದಕ್ಕೆ ಬಿದ್ದು ಮಿಕ್ಕಿದ್ದೆಲ್ಲಾನೂ ಉಳಿಸ್ಕಂಡವೆ" ಎಂದು ಕೂಗಿ, ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡಿದ್ದ ಹೊಸ ಫ್ಯೂಸು, ಹೊಸ ಬಿಲ್ಲೆ ತೆಗೆದರು. ನಾಗೇಶ್ ಅಷ್ಟರಲ್ಲಿ ಸುದ್ದಿ ತಿಳಿದು ಮೀಟರು ಹಿಡಿದುಕೊಂಡು ಬಂದಿದ್ದರು. ಬರುತ್ತಿರುವ ಕರೆಂಟು ಸರಿಯಾಗಿದೆಯೇ ಎಂದು ಅವರು ನೋಡಿದರು, ಪಕ್ಕದ ಕೋಣೆಯಲ್ಲಿ ಆಶಾರಾಣಿ ಕಾವೇರಿದ ಬೆಸುಗೆ ಕಡ್ಡಿಯಿಂದ ಹಳೆಯ ಬಿಲ್ಲೆ ಕಿತ್ತು ಹೊಸದನ್ನು ಬೆಸೆದರು. ಎಷ್ಟೋ ವರ್ಷ ಮಾಡಿದ್ದ ಕೆಲಸ.

ಸ್ವಿಚ್ಚು ಹಾಕಿದರು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಪರದೆ ಬೆಳಗಿತು, 'ಜ್ವರ'ದ ದೀಪ ತಾನಾಗಿಯೇ ಹೊತ್ತಿಕೊಂಡಿತು, ಗಾಳಿಯಂತ್ರ ಗುಂಯ್ ಎಂದು ತಿರುಗತೊಡಗಿತು. ಹೆಂಗಸರೆಲ್ಲ ಹೋ ಎಂದು ಕೂಗಿದರು. ಪುಟ್ಟಸ್ವಾಮಿ ಎದ್ದು ಬಂದು, ಪರದೆಯ ಮೇಲಿನ ಅಂಕಿ ಇಳಿಯುವುದನ್ನು ಬಾಯಿ ತೆರೆದು ನೋಡುತ್ತಾ ನಿಂತುಬಿಟ್ಟರು.

ಮರುದಿನ ಹುಳುಗಳು ಒಂದೇ ಸಮನೆ ಎದ್ದವು, ಸೊಪ್ಪು ಹಾಕಿದರೆ ಮಳೆ ಹನಿದಂತೆ ಸದ್ದು ಮಾಡಿ ತಿಂದವು. ರೈತರು ತಟ್ಟೆಗಳನ್ನು ಗಾಡಿಗೇರಿಸಿಕೊಂಡು ಹೋದರು. ಕೆಲವು ವಾರ ಕಳೆದು, ಆ ಹುಳುಗಳು ಬಲಿತು ಹಣ್ಣಾಗಿ ಗೂಡು ಕಟ್ಟಿದ ಮೇಲೆ, ಮದ್ದೂರು ಕಡೆಯ ರೈತ ಮಹಿಳೆ ದೇವಿರಮ್ಮ ಮಡಿಲ ತುಂಬ ಗೂಡು ತಂದು ಚಾಕಿ ಮನೆಯ ಕಟ್ಟೆಯ ಮೇಲೆ ಸುರಿದರು. "ಇಚುಕಿ ನೋಡಿ, ಎಂಗ್ ಗಟ್ಟಿ ಅದೆ! ಈ ಚಾಕಿ ಸಾಕ್ದೋರು ಯಾರು, ತೋರ್ಸಿ" ಎಂದು ಕೇಳಿದಾಗ ಪುಟ್ಟಸ್ವಾಮಿ ಆಶಾರಾಣಿಯತ್ತ ಕೈ ಮಾಡಿದರು. "ಸಾಕ್ದೋರು ಎಲ್ಲಾರೂ. ಉಳಿಸ್ದೋಳು ನನ್ ತಂಗಿ, ಅಗೋ ಅವ್ಳು."

ಬಿಟ್ಟು ಹೋಗಿದ್ದ ರೈತರು ಮರಳಿದರು. ಇನ್ನೊಂದು ಕೋಣೆಗೂ ಬೋರ್ಡು ಬಂತು. ಸುತ್ತಲ ಚಾಕಿ ಮನೆಗಳವರು ಕೇಳಿಕೊಂಡು ಬಂದಾಗ ಆಶಾರಾಣಿ ಬೋರ್ಡಿನ ನಕ್ಷೆಯನ್ನು ಯಾರು ಬೇಕಾದರೂ ತೆಗೆದುಕೊಳ್ಳಲಿ ಎಂದು ಶಶಿಧರ್ ಅವರ ಮೂಲಕ ಎಲ್ಲರಿಗೂ ಬಿಟ್ಟುಕೊಟ್ಟರು. ಈಗ ಅವರು ಭಾನುವಾರ ಮಂಡ್ಯಕ್ಕೆ ಹೋಗುವುದು ಕಲಿಯಲು ಮಾತ್ರವಲ್ಲ. ಕೋಣೆಯ ಒಂದು ಮೂಲೆ ಅವರದೇ. ಕಾರ್ಖಾನೆ ಮುಚ್ಚಿದ ಮೇಲೆ ಚೆದುರಿಹೋಗಿದ್ದ ಹಳೆಯ ಜೊತೆಗಾತಿಯರು ಒಬ್ಬೊಬ್ಬರಾಗಿ ಅಲ್ಲಿಗೆ ಬರುತ್ತಿದ್ದಾರೆ. ಒಬ್ಬರು ತಮ್ಮ ಆಡಿನ ಕೊಟ್ಟಿಗೆಗೆ ಬೇಕಾದ ದೀಪದ ಬೋರ್ಡು ಬರೆಯುತ್ತಿದ್ದಾರೆ, ಇನ್ನೊಬ್ಬರು ಕಿವಿ ಕೇಳದ ಅಮ್ಮನಿಗೆ ಬಾಗಿಲು ತಟ್ಟಿದರೆ ಬೆಳಗುವ ಗಂಟೆಯದನ್ನು.

"ಆಶಾರಾಣಿಯವ್ರು ಬಂದಾಗ್ಲಿಂದ ನನ್ನ ಕೆಲಸ ಸುಲಭ ಆಗಿದೆ" ಎನ್ನುತ್ತಾರೆ ಶಶಿಧರ್. "ನಮ್ಮ ಹುಡುಗ್ರು ಬೆಸುಗೇಲಿ ಎಡವಿದ್ರೆ ಆಶಾರಾಣಿ ಹತ್ರ ಹೋಗ್ತಾರೆ. ಅವ್ರು ಲೆಕ್ಕದಲ್ಲಿ ಎಡವಿದ್ರೆ ಈ ಹುಡುಗ್ರ ಹತ್ರ ಬರ್ತಾರೆ. ಯಾರೂ ನಾಚ್ಕೊಳಲ್ಲ."

ಬೀರಮ್ಮನವರ ಬಾಯಿ ಮಾತ್ರ ಹಾಗೇ ಇದೆ. ಬಸ್ಸಿನಲ್ಲಿ ಪಕ್ಕ ಕೂತವರು ಸೊಸೆ ಏನು ಮಾಡುತ್ತಾಳೆ ಎಂದರೆ, "ಉಳ ಮೇಯಿಸ್ತಾಳೆ, ಮುದ್ದೆ ತಿರುವ್ತಾಳೆ, ಇಂಜಿನಿಯರ್ ಕೆಲ್ಸಾನೂ ಮಾಡ್ತಾಳೆ" ಎಂದು ಒಂದೇ ಉಸಿರಿನಲ್ಲಿ ಹೇಳಿ ಕಿಟಕಿಯ ಕಡೆ ತಿರುಗುತ್ತಾರೆ.

ಬೆಳಗಿನ ಸೊಪ್ಪು ಮುಗಿದಿದೆ. ಮನೆಯ ಜಗುಲಿಯ ಮೇಲೆ ಆಶಾರಾಣಿ ಲ್ಯಾಪ್‌ಟಾಪ್ ತೆರೆದಿದ್ದಾರೆ. ಪರದೆಯ ಮೇಲಿರುವುದು ಈ ಸಲ ಚೌಕನೆಯ ಬೋರ್ಡಲ್ಲ. ಹೋದ ತಿಂಗಳು ಮಕ್ಕಳನ್ನು ಕೊಕ್ಕರೆ ಬೆಳ್ಳೂರಿಗೆ ಕರೆದುಕೊಂಡು ಹೋಗಿದ್ದಾಗ ಹುಣಸೆ ಮರದ ನೆತ್ತಿಯಿಂದ ಹಾರಿದ ಕೊಕ್ಕರೆಯೊಂದು ಪರದೆಯಲ್ಲಿ ರೆಕ್ಕೆ ಬಿಚ್ಚಿ ನಿಂತಿದೆ. ಬೋರ್ಡಿನ ಅಂಚನ್ನೇ ಆ ಆಕಾರಕ್ಕೆ ಬಳಸಿ ಎಳೆದಿದ್ದಾರೆ. ತಾಮ್ರದ ಗೆರೆಗಳು ಗರಿಗಳಂತೆ ಹರಡಿಕೊಂಡಿವೆ, ಒಂದೊಂದು ಗರಿಯ ತುದಿಗೂ ಒಂದು ಪುಟ್ಟ ದೀಪ.

ಕೆಲಸಕ್ಕೆ ಹೊರಟ ನಾಗೇಶ್ ಹೆಗಲ ಮೇಲಿಂದ ಬಗ್ಗಿ ನೋಡುತ್ತಾರೆ. "ಇದು ಯಾರಿಗೆ?"

"ಯಾರಿಗೂ ಇಲ್ಲ."

"ಮತ್ತೆ ಏನ್ ಕೆಲ್ಸ ಮಾಡ್ತದೆ?"

"ಏನೂ ಮಾಡಲ್ಲ. ಸುಮ್ಕೆ ಮಿನುಗ್ತದೆ."

"ಮತ್ಯಾಕೆ ಇಷ್ಟೊಂದು ಒದ್ದಾಡ್ತೀಯ?"

ಆಶಾರಾಣಿ ಕೊನೆಯ ಗರಿಗೆ ಗೆರೆ ಎಳೆದು, ತಲೆಯೆತ್ತದೆ ಹೇಳುತ್ತಾರೆ: "ನಂಗೆ ಮಾಡಕ್ಕೆ ಬತ್ತದಲ್ಲ, ಅದ್ಕೆ."